ಉಬುಂಟುವಿನಲ್ಲಿ ಆಟ ತಡವರಿಸುತ್ತಿದೆ, ಧ್ವನಿ ಒಡೆಯುತ್ತಿದೆ: ಸರಿಪಡಿಸುವುದನ್ನು ಎಲ್ಲಿಂದ ಆರಂಭಿಸಬೇಕು?

ರಾಯಚೂರು ವಿದ್ಯಾರ್ಥಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಕೋರ್ ಐ5-10300ಎಚ್ ಪ್ರೊಸೆಸರ್, 4 ಜಿಬಿ ಮೆಮೊರಿಯ ಎನ್‌ವಿಡಿಯಾ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಮತ್ತು 8 ಜಿಬಿಯ ಒಂದೇ ರ‍್ಯಾಮ್ ಪಟ್ಟಿ ಇವೆ. ಓದಿಗೆ ಬೇಕಾದ ಪ್ರೋಗ್ರಾಮಿಂಗ್ ಕೆಲಸವೆಲ್ಲ ಲಿನಕ್ಸ್‌ನಲ್ಲಿ ಸಲೀಸಾಗಿ ನಡೆಯುವುದರಿಂದ ಉಬುಂಟು 22.04 ಹಾಕಿಕೊಂಡಿದ್ದೇನೆ. ಆದರೆ ಆಟವಾಡಬೇಕೆಂದರೆ ಪ್ರತಿ ಸಲವೂ ಕಂಪ್ಯೂಟರನ್ನು ಮರುಚಾಲನೆ ಮಾಡಿ ವಿಂಡೋಸ್‌ಗೆ ಹೋಗಬೇಕಾಗಿದೆ. ಅದನ್ನು ತಪ್ಪಿಸಿಕೊಳ್ಳಬೇಕೆಂಬುದು ನನ್ನ ಆಸೆ.

ತೊಂದರೆ ಎರಡು ಬಗೆಯದು. ವಿಂಡೋಸ್‌ನಲ್ಲಿ ಮಧ್ಯಮ ಗುಣಮಟ್ಟದಲ್ಲಿ ಸೆಕೆಂಡಿಗೆ 60 ಫ್ರೇಮ್ ಕೊಡುವ ಕಾರ್ ರೇಸಿನ ಆಟವೊಂದು, ಇಲ್ಲಿ ಸ್ಟೀಮ್ ಎಂಬ ಆಟದ ಮಳಿಗೆಯ ಪ್ರೋಟಾನ್ (ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ನಡೆಸುವ ತಂತ್ರಾಂಶ) ಮೂಲಕ ನಡೆಸಿದಾಗ 20 ಫ್ರೇಮನ್ನೂ ಮುಟ್ಟುವುದಿಲ್ಲ. ಜೊತೆಗೆ, ಪರದೆಯ ಮೇಲೆ ಹೆಚ್ಚು ವಾಹನಗಳು ಬಂದ ಕೂಡಲೇ ಧ್ವನಿ ಚಟಪಟ ಎಂದು ಒಡೆಯುತ್ತದೆ. ಆಟವಿಲ್ಲದಾಗಲೂ, ಸ್ವಲ್ಪ ಹೊತ್ತು ಸುಮ್ಮನಿದ್ದು ಏನನ್ನಾದರೂ ಕೇಳಲು ಹೊರಟರೆ ಇಯರ್‌ಫೋನ್‌ನಲ್ಲಿ ಮೊದಲು ‘ಟಪ್’ ಎಂಬ ಸದ್ದು ಬರುತ್ತದೆ.

ಅಂತರ್ಜಾಲದಲ್ಲಿ ಹುಡುಕಿದರೆ ಒಬ್ಬರು ಲೋ-ಲೇಟೆನ್ಸಿ ಕರ್ನಲ್ (ತಡ ಕಡಿಮೆಯಾಗುವಂತೆ ಹೊಂದಿಸಿದ ಲಿನಕ್ಸ್‌ನ ತಿರುಳು) ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಪ್ರೊಸೆಸರಿನ ಭದ್ರತಾ ತಡೆಗಳನ್ನು ತೆಗೆದುಹಾಕಿ ಎನ್ನುತ್ತಾರೆ, ಮತ್ತೊಬ್ಬರು ಬೇರೆ ಲಿನಕ್ಸ್‌ಗೇ ಹೋಗಿ ಎನ್ನುತ್ತಾರೆ. ಇವುಗಳಲ್ಲಿ ನಿಜವಾಗಿ ಪ್ರಯೋಜನಕ್ಕೆ ಬರುವುದು ಯಾವುದು, ಮೊದಲು ಮಾಡಬೇಕಾದದ್ದು ಯಾವುದು ಎಂದು ತಿಳಿದವರು ದಯವಿಟ್ಟು ಹೇಳಬೇಕು. ಆಟವನ್ನು ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ವಿಭಾಗದಲ್ಲೇ ಇಟ್ಟಿದ್ದೇನೆ ಎಂಬುದನ್ನೂ ತಿಳಿಸುತ್ತೇನೆ, ಏಕೆಂದರೆ ಅದಕ್ಕೂ ಇದಕ್ಕೂ ಸಂಬಂಧವಿದೆಯೋ ಇಲ್ಲವೋ ನನಗೆ ಗೊತ್ತಾಗಿಲ್ಲ.

ಹಳೇಗಣಕ ಉತ್ತರಿಸಿದ್ದು:

ನಮಸ್ಕಾರ. ಯಾವ ಸೆಟ್ಟಿಂಗನ್ನೂ ಬದಲಿಸುವ ಮೊದಲು, ಆಟವನ್ನು ನಿಜವಾಗಿ ಯಾವ ಗ್ರಾಫಿಕ್ಸ್ ಚಿಪ್ ಚಿತ್ರಿಸುತ್ತಿದೆ ಎಂಬುದನ್ನು ನೋಡಿಕೊಳ್ಳಿ. 60 ಫ್ರೇಮ್ ಇದ್ದದ್ದು 20ಕ್ಕೂ ಕೆಳಗೆ ಬಂದಿದೆ ಎಂದರೆ ಅದು ಪ್ರೋಟಾನ್‌ನ ವೆಚ್ಚವಲ್ಲ ಎಂದು ನನಗೆ ಅನ್ನಿಸುತ್ತದೆ. ವಾಲ್ವ್ ಸಂಸ್ಥೆ 2018ರ ಆಗಸ್ಟ್‌ನಲ್ಲಿ ಹೊರತಂದ ಪ್ರೋಟಾನ್ ಒಂದು ಎಮ್ಯುಲೇಟರ್ ಅಲ್ಲ. ಅದು ವಿಂಡೋಸ್ ಪ್ರೋಗ್ರಾಮ್‌ಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಆಧಾರದ ಮೇಲೆ ನಿಂತಿದ್ದು, ವಿಂಡೋಸ್ ಆಟವು ಚಿತ್ರ ಬಿಡಿಸಲು ಡೈರೆಕ್ಟ್3ಡಿಗೆ ಕೊಡುವ ಕರೆಗಳನ್ನು ಲಿನಕ್ಸ್‌ನ ವಲ್ಕನ್ ಕರೆಗಳಾಗಿ ಮಾರ್ಪಡಿಸುತ್ತದೆ. ಡೈರೆಕ್ಟ್3ಡಿ 11 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳಿಗೆ ಆ ಕೆಲಸವನ್ನು ಡಿಎಕ್ಸ್‌ವಿಕೆ ಮಾಡುತ್ತದೆ, 12ಕ್ಕೆ ವಿಕೆಡಿ3ಡಿ-ಪ್ರೋಟಾನ್ ಮಾಡುತ್ತದೆ. ಆಟದ ಸೂಚನೆಗಳು ಪ್ರೊಸೆಸರಿನಲ್ಲಿ ನೇರವಾಗಿಯೇ ನಡೆಯುತ್ತವೆ. ಈ ಮಾರ್ಪಾಡಿನಿಂದ ಸ್ವಲ್ಪ ವೇಗ ಕಳೆದುಹೋಗಬಹುದು, ಮೂರನೇ ಎರಡು ಭಾಗ ಹೋಗುವುದಿಲ್ಲ.

ನಿಮ್ಮಂಥ ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಚಿಪ್‌ಗಳಿರುತ್ತವೆ. ಪ್ರೊಸೆಸರಿನೊಳಗಿನ ಇಂಟೆಲ್ ಚಿಪ್ ಪರದೆಗೆ ಜೋಡಣೆಯಾಗಿರುತ್ತದೆ. ಎನ್‌ವಿಡಿಯಾ ಕಾರ್ಡ್ ಚಿತ್ರವನ್ನು ಸಿದ್ಧಪಡಿಸಿ ಅದಕ್ಕೆ ಒಪ್ಪಿಸುತ್ತದೆ. ಎನ್‌ವಿಡಿಯಾ ಡ್ರೈವರ್ (ಆ ಕಾರ್ಡನ್ನು ನಡೆಸುವ ತಂತ್ರಾಂಶ) ಸರಿಯಾಗಿ ಎದ್ದಿದ್ದರೆ ಡಿಎಕ್ಸ್‌ವಿಕೆ ಸಾಮಾನ್ಯವಾಗಿ ತಾನಾಗಿಯೇ ಆ ಕಾರ್ಡನ್ನು ಆರಿಸಿಕೊಳ್ಳುತ್ತದೆ. ಆದ್ದರಿಂದ ನಿಮ್ಮಲ್ಲಿ ಡ್ರೈವರ್ ಎದ್ದೇ ಇಲ್ಲ ಎಂಬುದು ನನ್ನ ಊಹೆ. ಟರ್ಮಿನಲ್ ತೆರೆದು ಎನ್‌ವಿಡಿಯಾ-ಎಸ್‌ಎಂಐ ಎಂಬ ಆದೇಶ ಕೊಟ್ಟು ನೋಡಿ. (ಆದೇಶಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ, ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.) ಕಾರ್ಡಿನ ಹೆಸರು, ತಾಪಮಾನ, ಮೆಮೊರಿ ಇರುವ ಕೋಷ್ಟಕ ಬಂದರೆ ಡ್ರೈವರ್ ಸರಿಯಾಗಿದೆ. ಡ್ರೈವರಿನೊಡನೆ ಸಂಪರ್ಕ ಸಾಧ್ಯವಾಗಲಿಲ್ಲ ಎಂಬ ಸಂದೇಶ ಬಂದರೆ, ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಚಾಲೂ ಇದೆಯೇ ಎಂದು ಮೊದಲು ಪರೀಕ್ಷಿಸಿ. ಸೆಕ್ಯೂರ್ ಬೂಟ್ ಇರುವಾಗ ಸಹಿಯಿಲ್ಲದ ಮಾಡ್ಯೂಲನ್ನು (ಡ್ರೈವರಿನಂಥ ಭಾಗವನ್ನು) ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಡ್ರೈವರ್ ಹಾಕುವಾಗ ಉಬುಂಟು ಒಂದು ಪಾಸ್‌ವರ್ಡ್ ಕೇಳಿ, ಮುಂದಿನ ಮರುಚಾಲನೆಯಲ್ಲಿ ನೀಲಿ ಪರದೆಯ ಮೇಲೆ ಅದನ್ನೇ ಮತ್ತೆ ಕೇಳುತ್ತದೆ. ಆ ಹಂತ ಪೂರ್ಣವಾಗದೆ ಉಳಿದರೆ, ಡ್ರೈವರ್ ಡಿಸ್ಕಿನಲ್ಲಿ ಇರುತ್ತದೆಯೇ ಹೊರತು ಕೆಲಸಕ್ಕೆ ಬರುವುದಿಲ್ಲ.

ಎರಡನೆಯದಾಗಿ, ಮ್ಯಾಂಗೋಹಡ್ ಎಂಬ ಸಣ್ಣ ತಂತ್ರಾಂಶವನ್ನು ಹಾಕಿಕೊಳ್ಳಿ. ಸ್ಟೀಮ್‌ನಲ್ಲಿ ಆಟದ ಪ್ರಾಪರ್ಟೀಸ್ ತೆರೆದು, ಲಾಂಚ್ ಆಪ್ಷನ್ಸ್ ಎಂಬಲ್ಲಿ ‘ಮ್ಯಾಂಗೋಹಡ್ %ಕಮಾಂಡ್%’ ಎಂದು ಬರೆದರೆ, ಆಟದ ಮೂಲೆಯಲ್ಲಿ ಫ್ರೇಮ್ ದರದ ಜೊತೆಗೆ ಪ್ರೊಸೆಸರಿನ ಮತ್ತು ಗ್ರಾಫಿಕ್ಸ್ ಚಿಪ್‌ನ ಹೊರೆ ಕಾಣುತ್ತದೆ. ಅದರ ಸೆಟ್ಟಿಂಗ್‌ನಲ್ಲಿ ಕೇಳಿಕೊಂಡರೆ ಚಿಪ್‌ನ ಹೆಸರು, ತಾಪಮಾನ ಮತ್ತು ಮೆಮೊರಿಯ ಬಳಕೆಯನ್ನೂ ತೋರಿಸುತ್ತದೆ. ಅದರಲ್ಲಿರುವ ಫ್ರೇಮ್ ಸಮಯದ ಗೆರೆಯನ್ನು ವಿಶೇಷವಾಗಿ ಗಮನಿಸಿ. 60 ಫ್ರೇಮ್ ಎಂದರೆ ಪ್ರತಿಯೊಂದು ಚಿತ್ರವೂ ಸುಮಾರು 16.7 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕು. ಸರಾಸರಿ ಚೆನ್ನಾಗಿದ್ದೂ ಆ ಗೆರೆ ಆಗಾಗ ಮುಳ್ಳಿನಂತೆ ಮೇಲೇಳುತ್ತಿದ್ದರೆ ಕಣ್ಣಿಗೆ ಕಾಣುವುದು ತಡವರಿಕೆಯೇ.

ಭದ್ರತಾ ತಡೆಗಳನ್ನು ತೆಗೆದುಹಾಕುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಅದೇ ಕಂಪ್ಯೂಟರಿನಲ್ಲಿ ನೀವು ಬ್ಯಾಂಕಿನ ಕೆಲಸವನ್ನೂ ಮಾಡುತ್ತೀರಿ, ಅಪರಿಚಿತ ಜಾಲತಾಣಗಳನ್ನೂ ತೆರೆಯುತ್ತೀರಿ. ಆಟದಲ್ಲಿ ಸಿಗುವ ಅಲ್ಪ ಲಾಭಕ್ಕೆ ಅದು ಕೊಡಬಾರದ ಬೆಲೆ.

ನಾದಲೋಲ ಉತ್ತರಿಸಿದ್ದು:

ಹಳೇಗಣಕ ಅವರು ಹೇಳಿದ ಕ್ರಮವೇ ಸರಿ. ಧ್ವನಿಯ ವಿಷಯದಲ್ಲೂ ಅದು ಮೊದಲ ಹೆಜ್ಜೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬಯಸುತ್ತೇನೆ, ಏಕೆಂದರೆ ಬಹಳ ಜನ ಫ್ರೇಮ್ ದರ ಮತ್ತು ಧ್ವನಿಯನ್ನು ಎರಡು ಬೇರೆ ಬೇರೆ ರೋಗಗಳೆಂದು ತಿಳಿದು ಬೇರೆ ಬೇರೆ ಮದ್ದು ಮಾಡುತ್ತಾರೆ.

ಧ್ವನಿ ಕಾರ್ಡು ಸೆಕೆಂಡಿಗೆ 48,000 ಮಾದರಿಗಳನ್ನು (ಧ್ವನಿಯ ಪುಟ್ಟ ತುಣುಕುಗಳನ್ನು) ಎಡೆಬಿಡದೆ ಕೇಳುತ್ತಲೇ ಇರುತ್ತದೆ. ಅಷ್ಟನ್ನೂ ಒಂದೊಂದಾಗಿ ಕೊಡಲಾಗದ ಕಾರಣ ತಂತ್ರಾಂಶವು ಅವನ್ನು ಕಂತುಗಳಾಗಿ ಬಫರಿನಲ್ಲಿ ತುಂಬುತ್ತದೆ. ಮನೆಯ ಮೇಲಿನ ನೀರಿನ ತೊಟ್ಟಿಯ ಹಾಗೆಯೇ ಇದು: ಕೆಳಗೆ ನಲ್ಲಿ ಸದಾ ತೆರೆದಿದೆ, ಮೇಲೆ ಪಂಪು ಆಗಾಗ ಬಂದು ತುಂಬಿಸುತ್ತದೆ, ಪಂಪು ಬರುವುದು ತಡವಾದರೆ ನಲ್ಲಿಯಲ್ಲಿ ಗಾಳಿ ಬರುತ್ತದೆ. ಆ ಗಾಳಿಯೇ ನೀವು ಕೇಳುತ್ತಿರುವ ಚಟಪಟ. 1,024 ಮಾದರಿಗಳ ಕಂತಾದರೆ ಸುಮಾರು 21 ಮಿಲಿಸೆಕೆಂಡಿನ ಬಿಡುವು ಸಿಗುತ್ತದೆ, 256ರ ಕಂತಾದರೆ 5 ಮಿಲಿಸೆಕೆಂಡು ಮಾತ್ರ. ಕಂತು ದೊಡ್ಡದಾದಷ್ಟೂ ಧ್ವನಿ ಒಡೆಯುವುದು ಕಡಿಮೆಯಾಗುತ್ತದೆ, ಆದರೆ ಗುಂಡಿ ಒತ್ತಿದ್ದಕ್ಕೂ ಸದ್ದು ಕೇಳಿದ್ದಕ್ಕೂ ನಡುವಿನ ಅಂತರ ಹೆಚ್ಚುತ್ತದೆ. ನಿಮ್ಮ ಆಟವು ತಪ್ಪು ಚಿಪ್‌ನಲ್ಲಿ ಏದುಸಿರು ಬಿಡುತ್ತಿರುವಾಗ, ಧ್ವನಿಯನ್ನು ಸಿದ್ಧಪಡಿಸಬೇಕಾದ ಆಟದ ಭಾಗವೂ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವುದಿಲ್ಲ. ಆದ್ದರಿಂದ ಗ್ರಾಫಿಕ್ಸ್ ಸರಿಯಾದರೆ ಧ್ವನಿಯೂ ಬಹುಮಟ್ಟಿಗೆ ಸರಿಹೋಗುವ ಸಾಧ್ಯತೆ ಇದೆ.

ಅಷ್ಟರಲ್ಲಿ ಒಂದು ಪರೀಕ್ಷೆ ಮಾಡಬಹುದು. ಉಬುಂಟು 22.04ರಲ್ಲಿ ಧ್ವನಿಯನ್ನು ಇನ್ನೂ ಪಲ್ಸ್‌ಆಡಿಯೋ ನೋಡಿಕೊಳ್ಳುತ್ತದೆ. ಲಾಂಚ್ ಆಪ್ಷನ್ಸ್‌ನಲ್ಲಿ ಎಲ್ಲಕ್ಕಿಂತ ಮೊದಲು ‘ಪಲ್ಸ್_ಲೇಟೆನ್ಸಿ_ಎಂಸೆಕ್=60’ ಎಂಬ ಚರವನ್ನು ಸೇರಿಸಿ; ಇದನ್ನು ಮಾತ್ರ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕು. ಆಟವು 60 ಮಿಲಿಸೆಕೆಂಡಿನಷ್ಟು ಬಫರ್ ಕೇಳುವಂತೆ ಇದು ಮಾಡುತ್ತದೆ. ಇದರಿಂದ ಚಟಪಟ ನಿಂತರೆ, ಧ್ವನಿ ಕಾರ್ಡಿನಲ್ಲಿ ದೋಷವಿಲ್ಲ, ಬಫರ್ ಸಾಲದೆ ಹೋಗುತ್ತಿತ್ತು ಎಂಬುದು ಸ್ಪಷ್ಟವಾಗುತ್ತದೆ.

ಇಯರ್‌ಫೋನಿನ ‘ಟಪ್’ ಸದ್ದಿಗೆ ಕಾರಣ ಬೇರೆ. ಕೆಲಸವಿಲ್ಲದಾಗ ವಿದ್ಯುತ್ ಉಳಿಸಲೆಂದು ಕರ್ನಲ್ ಧ್ವನಿ ಚಿಪ್ಪನ್ನು ಮಲಗಿಸುತ್ತದೆ, ಮತ್ತೆ ಎಬ್ಬಿಸುವಾಗ ಈ ಸದ್ದು ಬರುತ್ತದೆ. ಇಟಿಸಿ ಕಡತಕೋಶದೊಳಗಿನ ಮೋಡ್‌ಪ್ರೋಬ್.ಡಿ ಎಂಬಲ್ಲಿ, ಕಾನ್ಫ್ ಎಂಬ ವಿಸ್ತರಣೆಯುಳ್ಳ ಒಂದು ಹೊಸ ಕಡತ ಮಾಡಿ, ‘ಆಪ್ಷನ್ಸ್ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಪವರ್_ಸೇವ್=0’ ಎಂಬ ಒಂದೇ ಸಾಲು ಬರೆದು ಮರುಚಾಲನೆ ಮಾಡಿದರೆ ಅದು ಸಾಮಾನ್ಯವಾಗಿ ನಿಲ್ಲುತ್ತದೆ. ಬ್ಯಾಟರಿ ತುಸು ಬೇಗ ಇಳಿಯಬಹುದು, ಅಷ್ಟೆ.

ಲೋ-ಲೇಟೆನ್ಸಿ ಕರ್ನಲ್ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ. ಹಾಡುಗಾರಿಕೆಯನ್ನು ಅನೇಕ ಟ್ರ್ಯಾಕ್‌ಗಳಲ್ಲಿ ಮುದ್ರಿಸಿಕೊಳ್ಳುತ್ತ, 64 ಅಥವಾ 128 ಮಾದರಿಗಳ ಕಂತಿನಲ್ಲಿ ಕೆಲಸ ಮಾಡುವವರಿಗೆ ಅದು ಬೇಕಾಗಬಹುದು. ಆಟಕ್ಕೆ 20 ಮಿಲಿಸೆಕೆಂಡಿನ ಆಸುಪಾಸು ಸಾಕು. ಧ್ವನಿ ಸೇವೆಗೆ ಆರ್‌ಟಿಕಿಟ್ ಎಂಬ ವ್ಯವಸ್ಥೆಯ ಮೂಲಕ ಸಾಮಾನ್ಯ ಕರ್ನಲ್‌ನಲ್ಲೇ ಆದ್ಯತೆ ಸಿಗುತ್ತದೆ.

ರಾಯಚೂರು ವಿದ್ಯಾರ್ಥಿ ಬರೆದದ್ದು:

ಹಳೇಗಣಕ ಸರ್, ನಾದಲೋಲ ಸರ್, ಇಬ್ಬರಿಗೂ ತುಂಬ ಧನ್ಯವಾದಗಳು. ಸೆಕ್ಯೂರ್ ಬೂಟ್ ಚಾಲೂ ಇತ್ತು, ಎನ್‌ವಿಡಿಯಾ-ಎಸ್‌ಎಂಐ ಸಂಪರ್ಕವಿಲ್ಲ ಎಂದೇ ಹೇಳಿತು, ಮ್ಯಾಂಗೋಹಡ್ ಕೂಡ ಇಂಟೆಲ್ ಚಿಪ್‌ನ ಹೆಸರನ್ನೇ ತೋರಿಸಿತು. ಡ್ರೈವರನ್ನು ಮತ್ತೆ ಹಾಕಿ, ನೀಲಿ ಪರದೆಯಲ್ಲಿ ಪಾಸ್‌ವರ್ಡ್ ಕೊಟ್ಟ ಮೇಲೆ ಕಾರ್ಡ್ ಎದ್ದಿತು. ಈಗ ಅದೇ ಆಟ 50ರಿಂದ 60 ಫ್ರೇಮ್ ಕೊಡುತ್ತಿದೆ. ‘ಟಪ್’ ಸದ್ದು ಪೂರ್ತಿ ಹೋಗಿದೆ, ಚಟಪಟವೂ ಬಹಳ ಕಡಿಮೆಯಾಗಿದೆ.

ಉಳಿದಿರುವುದು ಇಷ್ಟು. ಹೊಸ ಊರಿನ ರಸ್ತೆಗೆ ಬಂದಾಗ ಒಂದು ಕ್ಷಣ ಎಲ್ಲವೂ ನಿಂತು ಮುಂದುವರಿಯುತ್ತದೆ, ಅದೇ ಕ್ಷಣದಲ್ಲಿ ಧ್ವನಿಯೂ ಒಡೆಯುತ್ತದೆ. ಮಧ್ಯಾಹ್ನದ ಹೊತ್ತು ಅರ್ಧ ಗಂಟೆ ಆಡಿದ ಮೇಲೆ ಫ್ರೇಮ್ ದರ 35ಕ್ಕೆ ಇಳಿಯುತ್ತದೆ, ರಾತ್ರಿ ಆಡಿದರೆ ಅಷ್ಟು ಇಳಿಯುವುದಿಲ್ಲ. ರ‍್ಯಾಮ್ ಬಹುತೇಕ ತುಂಬಿರುವಂತೆ ಮ್ಯಾಂಗೋಹಡ್ ತೋರಿಸುತ್ತಿದೆ.

ಕರಾವಳಿಗ ಉತ್ತರಿಸಿದ್ದು:

ನೀವು ಬರೆದಿರುವ ಲಕ್ಷಣಗಳೇ ಉತ್ತರವನ್ನು ತೋರಿಸುತ್ತಿವೆ. ಹಗಲಿಗೂ ರಾತ್ರಿಗೂ ವ್ಯತ್ಯಾಸವಿದೆ ಎಂದರೆ ಅದು ಶಾಖದ ತೊಂದರೆ. ರಾಯಚೂರಿನ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಆ ಗಾಳಿಯನ್ನೇ ಒಳಗೆಳೆದುಕೊಂಡು ಲ್ಯಾಪ್‌ಟಾಪ್ ತಣ್ಣಗಾಗಬೇಕು. ಪ್ರೊಸೆಸರ್ ತನ್ನ ಮಿತಿಯ ತಾಪಮಾನ ಮುಟ್ಟಿದ ಕೂಡಲೇ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ, ಅದನ್ನು ಯಾವ ತಂತ್ರಾಂಶದ ಸೆಟ್ಟಿಂಗೂ ಮೀರಲಾರದು. ಫ್ಯಾನಿನ ಧೂಳು ತೆಗೆಸಿ, ಲ್ಯಾಪ್‌ಟಾಪಿನ ಹಿಂಭಾಗವನ್ನು ಎತ್ತರಿಸಿಡಿ. ಅದಕ್ಕಿಂತ ಮುಖ್ಯವಾಗಿ, ಆಟಕ್ಕೆ ಒಂದು ಮೇಲ್ಮಿತಿ ಹಾಕಿ. ಮ್ಯಾಂಗೋಹಡ್‌ನ ಕಾನ್ಫಿಗರೇಷನ್ ಕಡತದಲ್ಲಿ ‘ಎಫ್‌ಪಿಎಸ್_ಲಿಮಿಟ್=45’ ಎಂದು ಬರೆದರೆ ಸಾಕು. 60ರಿಂದ 35ಕ್ಕೆ ಏರಿಳಿಯುವ ಆಟಕ್ಕಿಂತ 45ರಲ್ಲಿ ಸ್ಥಿರವಾಗಿ ನಿಂತ ಆಟ ಕಣ್ಣಿಗೂ ಕೈಗೂ ಹಿತ. ಜೊತೆಗೆ ಪ್ರೊಸೆಸರಿಗೆ ಬಿಡುವು ಸಿಗುವುದರಿಂದ ಧ್ವನಿಯೂ ಹೊತ್ತಿಗೆ ಸರಿಯಾಗಿ ಸಿದ್ಧವಾಗುತ್ತದೆ. ಎಲ್ಲ ಸಲಹೆಗಳಲ್ಲಿ ಇದನ್ನೇ ನಾನು ಮೊದಲಿಗೆ ಇಡುತ್ತೇನೆ. ಕರೆಂಟ್ ಹೋಗಿ ಬ್ಯಾಟರಿಯ ಮೇಲೆ ನಡೆಯುವಾಗ ಗ್ರಾಫಿಕ್ಸ್ ಕಾರ್ಡಿಗೆ ಸಿಗುವ ವಿದ್ಯುತ್ತಿನ ಮಿತಿಯೇ ತಗ್ಗುತ್ತದೆ ಎಂಬುದನ್ನೂ ನೆನಪಿಡಿ. ಆಗಿನ ಅಂಕಿಗಳನ್ನು ಹೋಲಿಕೆಗೆ ತೆಗೆದುಕೊಳ್ಳಬೇಡಿ.

ಹೊಸ ಜಾಗಕ್ಕೆ ಬಂದಾಗ ನಿಲ್ಲುವುದಕ್ಕೆ ಎರಡು ಕಾರಣಗಳಿರಬಹುದು. ಒಂದು, ಶೇಡರ್‌ಗಳು. ಗ್ರಾಫಿಕ್ಸ್ ಕಾರ್ಡಿಗಾಗಿ ಬರೆದ ಆ ಪುಟ್ಟ ಪ್ರೋಗ್ರಾಮ್‌ಗಳನ್ನು ಮೊದಲ ಸಲ ಬಳಸುವಾಗ ನಿಮ್ಮ ಕಾರ್ಡಿನ ಭಾಷೆಗೆ ಪರಿವರ್ತಿಸಬೇಕಾಗುತ್ತದೆ. 2022ರ ನವೆಂಬರಿನಲ್ಲಿ ಬಂದ ಡಿಎಕ್ಸ್‌ವಿಕೆ 2.0, ಡ್ರೈವರಿನ ನೆರವಿದ್ದರೆ, ಈ ಕೆಲಸವನ್ನು ಆಟ ಲೋಡ್ ಆಗುವಾಗಲೇ ಬಹುಪಾಲು ಮುಗಿಸಿಕೊಳ್ಳುತ್ತದೆ. ಆದ್ದರಿಂದ ಹಳೆಯ ಪ್ರೋಟಾನ್ ಆರಿಸಿಕೊಂಡಿದ್ದರೆ ಹೊಸದಕ್ಕೆ ಬದಲಿಸಿ, ಉಬುಂಟು ಕೊಡುವ ಡ್ರೈವರ್‌ಗಳಲ್ಲಿ ಶಿಫಾರಸು ಮಾಡಿದ್ದನ್ನೇ ಬಳಸಿ, ಸ್ಟೀಮ್‌ನ ಸೆಟ್ಟಿಂಗ್ಸ್‌ನಲ್ಲಿ ವಲ್ಕನ್ ಶೇಡರ್‌ಗಳನ್ನು ಹಿನ್ನೆಲೆಯಲ್ಲಿ ಸಿದ್ಧಪಡಿಸಲು ಅನುಮತಿ ಕೊಡಿ. ಅದೇ ರಸ್ತೆಗೆ ಎರಡನೇ ಸಲ ಹೋದಾಗ ನಿಲ್ಲದಿದ್ದರೆ ಕಾರಣ ಶೇಡರ್‌ಗಳೇ ಎಂದು ತಿಳಿಯಬಹುದು.

ಎರಡನೇ ಸಲವೂ ನಿಂತರೆ ಕಾರಣ ಮೆಮೊರಿ. 8 ಜಿಬಿಯಲ್ಲಿ ಗ್ನೋಮ್ ಡೆಸ್ಕ್‌ಟಾಪ್, ಸ್ಟೀಮ್, ಆಟ ಇಷ್ಟೇ ಇದ್ದರೆ ಕಷ್ಟಪಟ್ಟು ಹಿಡಿಸುತ್ತದೆ. ಬ್ರೌಸರ್ ಕೂಡ ತೆರೆದಿದ್ದರೆ ಉಳಿದದ್ದು ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗಕ್ಕೆ, ಅಂದರೆ ಸ್ವಾಪ್‌ಗೆ, ಹೋಗುತ್ತದೆ. ಆಟಕ್ಕೆ ಮುನ್ನ ಬ್ರೌಸರ್ ಮುಚ್ಚಿ. ಝಡ್‌ರ‍್ಯಾಮ್ ಹಾಕಿಕೊಂಡರೆ ಸ್ವಾಪ್‌ಗೆ ಹೋಗಬೇಕಾದದ್ದು ರ‍್ಯಾಮ್‌ನಲ್ಲೇ ಕುಗ್ಗಿದ ರೂಪದಲ್ಲಿ ಉಳಿಯುತ್ತದೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ತನ್ನ 33ನೇ ಆವೃತ್ತಿಯಿಂದ ಇದನ್ನು ತಾನಾಗಿಯೇ ಬಳಸುತ್ತಿದೆ, ಉಬುಂಟುವಿನಲ್ಲಿ ನಾವೇ ಸೇರಿಸಿಕೊಳ್ಳಬೇಕು. ಹಣ ಹೊಂದಿಸಲು ಸಾಧ್ಯವಾದರೆ ಇನ್ನೊಂದು 8 ಜಿಬಿಯ ಪಟ್ಟಿ ಹಾಕಿಸಿ. ಜಾಗ ಹೆಚ್ಚುವುದಲ್ಲದೆ, ಎರಡು ಪಟ್ಟಿಗಳಿದ್ದಾಗ ಪ್ರೊಸೆಸರ್ ಎರಡು ಚಾನೆಲ್‌ಗಳಲ್ಲಿ ಏಕಕಾಲಕ್ಕೆ ಓದುತ್ತದೆ. ಗ್ರಾಫಿಕ್ಸ್ ಕಾರ್ಡಿನ 4 ಜಿಬಿಯೂ ತುಂಬುತ್ತಿದ್ದರೆ ಟೆಕ್ಸ್ಚರ್ ಗುಣಮಟ್ಟವನ್ನು ಮಾತ್ರ ಒಂದು ಹಂತ ಇಳಿಸಿ, ಉಳಿದದ್ದನ್ನು ಮುಟ್ಟಬೇಡಿ.

ಎನ್‌ಟಿಎಫ್‌ಎಸ್ ಬಗ್ಗೆ ಕೇಳಿದ್ದೀರಿ. ಆಟವನ್ನು ಅಲ್ಲಿಂದ ಲಿನಕ್ಸ್‌ನ ಎಕ್ಸ್ಟ್4 ವಿಭಾಗಕ್ಕೆ ಸಾಗಿಸಿ. ಪ್ರೋಟಾನ್ ಪ್ರತಿಯೊಂದು ಆಟಕ್ಕೂ ಪುಟ್ಟ ವಿಂಡೋಸ್‌ನಂಥ ಕಡತಕೋಶ ಮಾಡುತ್ತದೆ, ಅದರೊಳಗೆ ವಿಂಡೋಸ್ ಒಪ್ಪದ ವಿವರಣ ಚಿಹ್ನೆ (:) ಉಳ್ಳ ಹೆಸರುಗಳಿರುತ್ತವೆ. ಆ ವಿಭಾಗವನ್ನು ವಿಂಡೋಸ್ ಮತ್ತೆ ತೆರೆದು ಪರಿಶೀಲಿಸಿದಾಗ ಅವು ಕೆಡುವ ಅಪಾಯವಿದೆ. ಕಡತಗಳ ಅನುಮತಿಯ ವಿಷಯದಲ್ಲೂ ತೊಡಕುಗಳು ಬರುತ್ತವೆ. ಇಂದು ನಡೆದ ಆಟ ನಾಳೆ ಏಳದಿರುವುದು ಹೆಚ್ಚಾಗಿ ಇಂಥ ಕಡೆಯೇ.

ಗೇಮ್‌ಮೋಡ್ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಒಂದು ಮಾತು. ಫೆರಲ್ ಇಂಟರಾಕ್ಟಿವ್ ಸಂಸ್ಥೆ 2018ರಲ್ಲಿ ಬಿಡುಗಡೆ ಮಾಡಿದ ಈ ತಂತ್ರಾಂಶವು, ಆಟ ನಡೆಯುವಷ್ಟು ಹೊತ್ತು ಪ್ರೊಸೆಸರನ್ನು ಹೆಚ್ಚಿನ ವೇಗದ ನೀತಿಗೆ ಬದಲಿಸಿ, ಆಟ ಮುಗಿದ ಮೇಲೆ ಹಿಂದಿನಂತೆ ಮಾಡುತ್ತದೆ. ‘ಗೇಮ್‌ಮೋಡ್‌ರನ್ %ಕಮಾಂಡ್%’ ಎಂದು ಬರೆದರೆ ಸಾಕು. ಗ್ರಾಫಿಕ್ಸ್ ಕಾರ್ಡೇ ಪೂರ್ತಿ ಹೊರೆಯಲ್ಲಿರುವ ಆಟದಲ್ಲಿ ಇದರಿಂದ ಸಿಗುವುದು ಅಲ್ಪ. ನಿಮ್ಮಲ್ಲಿ ಶಾಖದ ತೊಂದರೆ ಇರುವಾಗ ಇದನ್ನು ಹಗಲಿನಲ್ಲಿ ಬಳಸದಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ನಾದಲೋಲ ಮತ್ತೆ ಬರೆದದ್ದು:

ಉಳಿದ ಅಲ್ಪಸ್ವಲ್ಪ ಚಟಪಟಕ್ಕೆ ನಾನು ಸೂಚಿಸುವುದು ಉಬುಂಟು 24.04ಕ್ಕೆ ಹೋಗುವುದು. ವಿಮ್ ಟೇಮನ್ಸ್ ಅವರು ಆರಂಭಿಸಿದ ಪೈಪ್‌ವೈರ್ ಎಂಬ ಹೊಸ ಧ್ವನಿ ವ್ಯವಸ್ಥೆಯನ್ನು ಫೆಡೋರಾ 2021ರಲ್ಲಿ ತನ್ನ 34ನೇ ಆವೃತ್ತಿಯಲ್ಲಿ ಧ್ವನಿಗೆ ಬಳಸಲು ಆರಂಭಿಸಿತು, ಉಬುಂಟು 22.10ರಲ್ಲಿ ಅದೇ ದಾರಿ ಹಿಡಿಯಿತು. ಆಟಗಳಿಗೆ ಅದು ಪಲ್ಸ್‌ಆಡಿಯೋದಂತೆಯೇ ಕಾಣುವುದರಿಂದ ಆಟದಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ. 22.04ರಲ್ಲೂ ಅದನ್ನು ಹಾಕಿಕೊಳ್ಳಬಹುದು, ಆದರೆ ಅಲ್ಲಿರುವುದು 1.0ಕ್ಕಿಂತ ಹಿಂದಿನ ಆವೃತ್ತಿ.

ಹೊಸ ವ್ಯವಸ್ಥೆಯಲ್ಲಿ ಆಟ ನಡೆಯುತ್ತಿರುವಾಗ ಇನ್ನೊಂದು ಟರ್ಮಿನಲ್‌ನಲ್ಲಿ ಪಿಡಬ್ಲ್ಯೂ-ಟಾಪ್ ಎಂಬ ಆದೇಶ ಕೊಡಿ. ಪ್ರತಿಯೊಂದು ಧ್ವನಿ ಮೂಲದ ಕಂತಿನ ಅಳತೆ ಮತ್ತು ದರ ಅದರಲ್ಲಿ ಕಾಣುತ್ತದೆ, ದೋಷಗಳ ಕಾಲಮ್ಮಿನಲ್ಲಿ ಕಂತು ತಪ್ಪಿದ ಲೆಕ್ಕ ಏರುತ್ತ ಹೋಗುತ್ತದೆ. ನಿಮ್ಮ ಕಿವಿಗೆ ಚಟಪಟ ಕೇಳಿದಾಗಲೆಲ್ಲ ಆ ಲೆಕ್ಕವೂ ಏರಿದರೆ, ಪಿಡಬ್ಲ್ಯೂ-ಮೆಟಾಡೇಟಾ ಆದೇಶದ ಮೂಲಕ ‘ಕ್ಲಾಕ್.ಫೋರ್ಸ್-ಕ್ವಾಂಟಮ್’ ಎಂಬ ಕಂತಿನ ಅಳತೆಯನ್ನು 2,048ಕ್ಕೆ ಏರಿಸಿ ನೋಡಿ. ಆಗ 43 ಮಿಲಿಸೆಕೆಂಡಿನಷ್ಟು ಬಿಡುವು ಸಿಗುತ್ತದೆ. ಇದು ಮರುಚಾಲನೆಯವರೆಗೆ ಮಾತ್ರ ಉಳಿಯುವುದರಿಂದ ನಿರ್ಭಯವಾಗಿ ಪ್ರಯೋಗ ಮಾಡಬಹುದು. ಲೆಕ್ಕ ಏರದೆಯೇ ಧ್ವನಿ ಒಡೆದರೆ, ಧ್ವನಿಯನ್ನು ತಡಮಾಡುತ್ತಿರುವುದು ಆಟವೇ. ಆಗ ಕರಾವಳಿಗ ಅವರು ಹೇಳಿದ ಮೇಲ್ಮಿತಿಯೇ ಮದ್ದು.

24.04ರಿಂದ ಇನ್ನೊಂದು ಅನುಕೂಲವಿದೆ. ಒಂದು ಪ್ರೋಗ್ರಾಮ್ ಹೊಂದಬಹುದಾದ ಮೆಮೊರಿ ನಕ್ಷೆಗಳ ಮಿತಿಯನ್ನು ಅದು 65,530ರಿಂದ 10,48,576ಕ್ಕೆ ಏರಿಸಿದೆ. ಇದರಿಂದ ವೇಗ ಹೆಚ್ಚುವುದಿಲ್ಲ, ಆದರೆ ಕೆಲವು ದೊಡ್ಡ ಆಟಗಳು ನಡುವೆಯೇ ಮುಚ್ಚಿಹೋಗುವುದು ತಪ್ಪುತ್ತದೆ.

ರಾಯಚೂರು ವಿದ್ಯಾರ್ಥಿ ಬರೆದದ್ದು:

ಆಟವನ್ನು ಎಕ್ಸ್ಟ್4ಗೆ ಸಾಗಿಸಿ, 45 ಫ್ರೇಮಿನ ಮಿತಿ ಹಾಕಿದ್ದೇನೆ. ಮಧ್ಯಾಹ್ನವೂ ಈಗ ಗೆರೆ ನೇರವಾಗಿಯೇ ಇದೆ, ಧ್ವನಿಯೂ ಒಡೆಯುತ್ತಿಲ್ಲ. ಪರೀಕ್ಷೆ ಮುಗಿದ ಮೇಲೆ 24.04ಕ್ಕೆ ಹೋಗುತ್ತೇನೆ. ಕೊನೆಯದಾಗಿ ಒಂದು ಸಂದೇಹ: ಗೆಳೆಯರೊಡನೆ ಮಾತನಾಡುತ್ತ ಆಡಲು ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡರೆ, ಮೈಕ್ ಚಾಲೂ ಆದ ಕೂಡಲೇ ಆಟದ ಧ್ವನಿ ಹಳೆಯ ಟೆಲಿಫೋನಿನಂತೆ ಆಗುತ್ತದೆ. ಇದಕ್ಕೂ ಬಫರಿಗೂ ಸಂಬಂಧವಿದೆಯೇ?

ನಾದಲೋಲ ಉತ್ತರಿಸಿದ್ದು:

ಸಂಬಂಧವಿಲ್ಲ. ಸಾಮಾನ್ಯ ಬ್ಲೂಟೂತ್‌ನಲ್ಲಿ ಒಳ್ಳೆಯ ಗುಣಮಟ್ಟದ ಧ್ವನಿಯನ್ನು ಸಾಗಿಸುವ ಎ2ಡಿಪಿ ಎಂಬ ವಿಧಾನ ಒಂದೇ ದಿಕ್ಕಿನದು. ಹೆಡ್‌ಫೋನಿನ ಮೈಕ್ ಬೇಕೆಂದಾಗ ವ್ಯವಸ್ಥೆಯು ಫೋನ್ ಕರೆಗಳಿಗಾಗಿ ರೂಪಿಸಿದ ಎಚ್‌ಎಫ್‌ಪಿ ವಿಧಾನಕ್ಕೆ ಬದಲಾಗುತ್ತದೆ, ಆಗ ಮಾದರಿ ದರ 16,000ಕ್ಕೆ ಅಥವಾ ಹಳೆಯ ಸಾಧನಗಳಲ್ಲಿ 8,000ಕ್ಕೆ ಇಳಿಯುತ್ತದೆ. ಪಾವುಕಂಟ್ರೋಲ್ ಎಂಬ ಧ್ವನಿ ಹೊಂದಿಸುವ ತಂತ್ರಾಂಶ ಹಾಕಿಕೊಂಡು, ಅದರ ಕಾನ್ಫಿಗರೇಷನ್ ಪುಟದಲ್ಲಿ ಹೆಡ್‌ಫೋನನ್ನು ಎ2ಡಿಪಿಯಲ್ಲೇ ನಿಲ್ಲಿಸಿ, ಮಾತಿಗೆ ಲ್ಯಾಪ್‌ಟಾಪಿನ ಸ್ವಂತ ಮೈಕನ್ನು ಆರಿಸಿ. ಧ್ವನಿ ಮತ್ತೆ ಮೊದಲಿನಂತಾಗುತ್ತದೆ. ಆದರೆ ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ತಲುಪುವುದು ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೂ ಹೆಚ್ಚು ತಡವಾಗುವುದರಿಂದ, ರೇಸಿನ ಆಟಕ್ಕೆ ನಿಮ್ಮ ತಂತಿಯ ಇಯರ್‌ಫೋನನ್ನೇ ಬಳಸಿ.